ಐಟಿಐ ಹುಡುಗ್ರಿಗೆ ಹಾಳು ಮಾಡೋಕೆ ಸ್ವಲ್ಪ ಕಬ್ಬಿಣ ಕೊಡಿ

ಸಂಪಾದಕರಿಗೆ ನಮಸ್ಕಾರ,

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಿಮ್ಮ ಪೇಪರಲ್ಲಿ 'ಮುಂದೇನು' ಅಂತ ಒಂದು ಪುರವಣಿ ಬಂದಿತ್ತಲ್ಲ, ಅದನ್ನ ನಮ್ಮ ಶೆಡ್ಡಲ್ಲಿ ಟೀ ಟೈಮಲ್ಲಿ ಎಲ್ರೂ ಓದಿದ್ವಿ. ಪಿಯು ಸೈನ್ಸಿಗೆ ಒಂದು ಪೇಜು, ಕಾಮರ್ಸಿಗೆ ಅರ್ಧ ಪೇಜು, ನೀಟ್ ಕೋಚಿಂಗ್ ಜಾಹೀರಾತಿಗೆ ಒಂದೂವರೆ ಪೇಜು, ಕೊನೇಲಿ ಮೂಲೆಗೆ ಒಂದು ಬಾಕ್ಸು, ಕಡಿಮೆ ಅಂಕ ಬಂದವರು ನಿರಾಶರಾಗಬೇಕಿಲ್ಲ ಐಟಿಐ ಇದೆ ಅಂತ. ನಮ್ಮ ಆಪರೇಟರ್ ಒಬ್ಬ ಅದನ್ನ ಜೋರಾಗಿ ಓದಿ 'ನೋಡಣ್ಣ, ನಾವು ನಿರಾಶರಾಗ್ಬೇಕಿಲ್ವಂತೆ' ಅಂದ, ಎಲ್ರೂ ಬಿದ್ದು ಬಿದ್ದು ನಕ್ವಿ. ನಕ್ಕಿದ್ದೇನೋ ಸರಿ, ಸಂಜೆ ಆದ್ರೂ ಅದು ತಲೇಲೇ ಕೊರೀತಿತ್ತು, ಅದಕ್ಕೇ ಈ ಪತ್ರ. ಉದ್ದ ಆದ್ರೆ ಕತ್ತರಿಸ್ಕೊಳ್ಳಿ, ಕತ್ತರಿಸೋದೇ ನಮ್ಮ ಕೆಲಸ, ಬೇಜಾರಿಲ್ಲ.

ನಾನು ಟರ್ನರ್, ಲೇತ್ ಅನ್ನೋ ಮೆಷಿನಲ್ಲಿ ಕಬ್ಬಿಣದ ರಾಡ್ ತಿರುಗಿಸಿ ಕಡೆಯೋನು. 1996ರಲ್ಲಿ ತುಮಕೂರು ಕಡೆ ಎರಡು ವರ್ಷ ಐಟಿಐ ಮುಗಿಸಿ, ಬೆಂಗಳೂರಲ್ಲಿ ಒಂದು ದೊಡ್ಡ ಸರ್ಕಾರಿ ಕಾರ್ಖಾನೇಲಿ ಅಪ್ರೆಂಟಿಸ್ ಮಾಡಿ, ಹತ್ತು ಹನ್ನೆರಡು ವರ್ಷ ಅವರಿವರ ಶೆಡ್ಡಲ್ಲಿ ನೈಟ್ ಶಿಫ್ಟ್ ಎಳೆದು, ಈಗ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಸ್ವಂತ ಜಾಬ್ ವರ್ಕ್, ಅಂದ್ರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋ ಕೆಲಸ, ಮಾಡ್ತಿದ್ದೀನಿ. ಒಂಬತ್ತು ಜನ ಇದ್ದೀವಿ, ಎರಡು ಸಿಎನ್‌ಸಿ (ಕಂಪ್ಯೂಟರ್ ಹೇಳಿದಂಗೆ ಕತ್ತರಿಸೋ ಮೆಷಿನ್), ಒಂದು ವಿಎಂಸಿ (ಅದೇ ಜಾತಿಯ ಮಿಲ್ಲಿಂಗ್ ಮೆಷಿನ್), ಎರಡು ಹಳೇ ಕಿರ್ಲೋಸ್ಕರ್ ಲೇತು. ಹರಿಹರದ ಮೈಸೂರ್ ಕಿರ್ಲೋಸ್ಕರ್ ಬಾಗಿಲು ಹಾಕಿ ಎಷ್ಟೋ ವರ್ಷ ಆಯ್ತು, ಅದು ಮಾಡಿದ ಲೇತು ಮಾತ್ರ ನಮ್ಮಂಥವರ ಹೊಟ್ಟೆ ಇನ್ನೂ ಹೊರೀತಾ ಇದೆ. ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ, ನಾನು ಸೆಮಿನಾರಲ್ಲಿ ಕೂತು ಮಾತಾಡ್ತಿರೋನಲ್ಲ, ದಿನಾ ಹುಡುಗ್ರನ್ನ ಕೆಲಸಕ್ಕೆ ತಗೊಳ್ಳೋನು, ಎರಡು ಕಡೇನೂ ನೋಡಿರೋನು.

ಹೋದ ವರ್ಷ ಒಬ್ಬ ಹುಡುಗ ಬಂದ. ಮೆಷಿನಿಸ್ಟ್ ಟ್ರೇಡು, ಮಾರ್ಕ್ಸ್ ಕಾರ್ಡಲ್ಲಿ 80ರ ಮೇಲೆ, ಮಾತು ಮರ್ಯಾದೆ ಎಲ್ಲಾ ಒಳ್ಳೇದು. ಒಂದು ಸಣ್ಣ ಬ್ರಾಕೆಟ್ ಆರ್ಡರ್ ಇತ್ತು, ಡ್ರಾಯಿಂಗ್ ಕೊಟ್ಟು ಸೆಟ್ಟಿಂಗ್ ಮಾಡು, ಅಂದ್ರೆ ಮೆಷಿನ್ನ ಆ ಪೀಸಿಗೆ ರೆಡಿ ಮಾಡು ಅಂದೆ, ನಾನು ಬೇರೆ ಕಡೆ ಮೆಟೀರಿಯಲ್ ತರೋಕೆ ಹೋದೆ. ವಾಪಸ್ ಬರೋ ಹೊತ್ತಿಗೆ 38 ಪೀಸ್ ಮುಗಿಸಿದ್ದ, ಅಳತೆ ಎಲ್ಲಾ ಕರೆಕ್ಟು, ಫಿನಿಶಿಂಗ್ ಚೆನ್ನಾಗಿದೆ, ಆದ್ರೆ ಸ್ಲಾಟ್ ಮಾತ್ರ ಆ ಕಡೆ ಬರೋದು ಈ ಕಡೆ ಬಂದಿದೆ, ಕನ್ನಡೀಲಿ ನೋಡಿದ ಹಾಗೆ. ಡ್ರಾಯಿಂಗ್ ಮೂಲೇಲಿ ಒಂದು ಚಿಕ್ಕ ಗುರುತು ಇರುತ್ತೆ, ತುದಿ ಕತ್ತರಿಸಿದ ಕೋನು, ಪಕ್ಕದಲ್ಲಿ ಒಂದರೊಳಗೊಂದು ಎರಡು ರಿಂಗು, ಅದನ್ನ ನೋಡಿದ್ರೆ ಫಸ್ಟ್ ಆಂಗಲ್ಲೋ ಥರ್ಡ್ ಆಂಗಲ್ಲೋ, ಅಂದ್ರೆ ಒಂದು ಪಕ್ಕದಿಂದ ನೋಡಿದ ಚಿತ್ರವನ್ನ ಎಡಕ್ಕೆ ಬರೆದಿದ್ದಾರೋ ಬಲಕ್ಕೆ ಬರೆದಿದ್ದಾರೋ ಅನ್ನೋದು, ಗೊತ್ತಾಗುತ್ತೆ. ನಮ್ಮ ದೇಶದಲ್ಲಿ ಕಲಿಸೋದು ಫಸ್ಟ್ ಆಂಗಲ್, ಅಮೆರಿಕಾ ಕಡೆ ಕಸ್ಟಮರ್ ಕಳ್ಸೋದು ಥರ್ಡ್ ಆಂಗಲ್. ಯಾಕಪ್ಪ ಗುರುತು ನೋಡ್ಲಿಲ್ವಾ ಅಂದ್ರೆ 'ಗೊತ್ತಿತ್ತು ಸಾರ್, ಎಕ್ಸಾಮಲ್ಲಿ ಆ ಪ್ರಶ್ನೆಗೆ ಸರಿಯಾಗೇ ಟಿಕ್ ಮಾಡಿದ್ದೆ' ಅಂತಾನೆ. ಸುಳ್ಳಲ್ಲ ಅದು, ನಿಜವಾಗ್ಲೂ ಮಾಡಿರ್ತಾನೆ. ಕಂಪ್ಯೂಟರ್ ಮುಂದೆ ಕೂತು ನಾಲ್ಕರಲ್ಲಿ ಒಂದು ಒತ್ತೋದು ಬೇರೆ, ಕೈಯಲ್ಲಿ ಡ್ರಾಯಿಂಗ್ ಹಿಡ್ಕೊಂಡು ಎದುರಿಗಿರೋ ಕಬ್ಬಿಣದ ತುಂಡನ್ನ ಮನಸ್ಸಲ್ಲೇ ತಿರುಗಿಸಿ ನೋಡೋದು ಬೇರೆ.

ಅವನನ್ನ ಬೈಲಿಲ್ಲ. ಕೂರಿಸ್ಕೊಂಡು ಕೇಳ್ದೆ, ಐಟಿಐಲಿ ಎರಡು ವರ್ಷದಲ್ಲಿ ಎಷ್ಟು ಪೀಸ್ ಮಾಡಿದ್ದೆ ಅಂತ. ಬೆರಳು ಮಡಿಸಿ ಮಡಿಸಿ ಲೆಕ್ಕ ಹಾಕಿ ಕೊನೆಗೆ ಹೇಳಿದ, ಹತ್ತು ಹನ್ನೆರಡು ಹುಡುಗ್ರಿಗೆ ಒಂದು ಪೀಸ್ ಬರ್ತಿತ್ತಂತೆ, ಸರ್ ಮಾಡಿ ತೋರಿಸೋರಂತೆ, ಇವರು ಸುತ್ತ ನಿಂತು ಮೊಬೈಲಲ್ಲಿ ವಿಡಿಯೋ ತೆಗೀತಿದ್ರಂತೆ, ಪ್ರಾಕ್ಟಿಕಲ್ ಹಿಂದಿನ ದಿನ ಆ ವಿಡಿಯೋ ಗ್ರೂಪಲ್ಲಿ ಓಡಾಡ್ತಿತ್ತಂತೆ. ಮೆಟೀರಿಯಲ್ ಇಲ್ಲ, ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ಕಳ್ಸಿದ್ದೀವಿ ಬಂದಿಲ್ಲ, ಇದೇ ಕಥೆ. ಎಲ್ಲಾ ಐಟಿಐಲೂ ಹೀಗೇ ಅಂತ ನಾನು ಹೇಳಲ್ಲ, ಒಳ್ಳೇ ಕಡೆಯಿಂದ ಬಂದ ಹುಡುಗ್ರೂ ನಮ್ಮಲ್ಲಿದ್ದಾರೆ. ಆದ್ರೆ ಈ ಕಥೆ ನನಗೆ ಹೊಸದಲ್ಲ, ಇಂಟರ್‌ವ್ಯೂಗೆ ಬಂದ ಎಷ್ಟೋ ಹುಡುಗ್ರ ಬಾಯಲ್ಲಿ ಕೇಳಿದ್ದೀನಿ.

ನಾವು ಹೆಂಗೆ ಕಲಿತಿದ್ದು ಅಂತ ಸ್ವಲ್ಪ ಹೇಳ್ತೀನಿ, ಹಳೇ ಕಾಲ ಚೆನ್ನಾಗಿತ್ತು ಅನ್ನೋ ಮುದುಕರ ರಾಗ ಅಂದ್ಕೋಬೇಡಿ. ಟರ್ನರ್ ಟ್ರೇಡಿಗೆ ಸೇರಿದ್ರೂ ಮೊದಲು ಲೇತ್ ಮುಟ್ಟೋಕೆ ಬಿಡ್ತಿರ್ಲಿಲ್ಲ. ಮೇಷ್ಟ್ರು ವೈಸಿಗೆ ಒಂದು ಎಂಎಸ್ ಫ್ಲಾಟ್, ಅಂದ್ರೆ ಮೆದು ಉಕ್ಕಿನ ಪಟ್ಟಿ, ಕಚ್ಚಿಸಿ ಕೈಗೆ ಅರ, ಮೂಲೆ ನೇರ ಇದೆಯಾ ನೋಡೋ ಟ್ರೈ ಸ್ಕ್ವೇರ್ ಕೊಟ್ಟು 'ಟ್ರೈ ಸ್ಕ್ವೇರ್ ಇಟ್ರೆ ಬೆಳಕು ಕಾಣಬಾರದು' ಅಂತ ಒಂದೇ ಮಾತು ಹೇಳಿ ಹೋದ್ರು. ಅರ ಉಜ್ಜಿ ಉಜ್ಜಿ ಅಂಗೈ ತುಂಬಾ ಬೊಬ್ಬೆ, ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿದ್ರೆ ಒಂದು ಕಡೆಯಿಂದ ಸೂರ್ಯ ಹುಟ್ಟಿದ ಹಾಗೆ ಬೆಳಕು. ಮತ್ತೆ ಉಜ್ಜು. ಆ ತುಂಡು ಸವೆದು ಕೈಗೇ ಸಿಗದಷ್ಟು ಸಣ್ಣದಾದ್ಮೇಲೆ ಇನ್ನೊಂದು ತುಂಡು ಕೊಟ್ರು, ಮುಖ್ಯವಾದ ಮಾತು ಇದು, ಇನ್ನೊಂದು ತುಂಡು ಕೊಟ್ರು. ಎಚ್‌ಎಸ್‌ಎಸ್ ಟೂಲ್ ಬಿಟ್, ಅಂದ್ರೆ ಕಬ್ಬಿಣ ಕತ್ತರಿಸೋ ಗಟ್ಟಿ ಉಕ್ಕಿನ ಮೊನೆ, ಗ್ರೈಂಡ್ ಮಾಡೋವಾಗ ನಾನು ಮೂರು ಬಿಟ್ ನೀಲಿ ತಿರುಗಿಸಿ ಸುಟ್ಟಿದ್ದೀನಿ, ರಾಡಿಂದ ತುಂಡು ಬೇರೆ ಮಾಡೋ ಪಾರ್ಟಿಂಗ್ ಟೂಲ್ ಎಷ್ಟು ಮುರಿದಿದ್ದೀನೋ ಲೆಕ್ಕ ಇಲ್ಲ. ಟೂಲು ಸೆಂಟರ್ ಹೈಟಿಂದ, ಅಂದ್ರೆ ರಾಡಿನ ನಡುಮಧ್ಯದ ಎತ್ತರದಿಂದ, ಕೂದಲೆಳೆ ಆಚೆ ಈಚೆ ಆದ್ರೂ ಅದು ಮುರಿಯೋ ಮುಂಚೆ ಒಂದು ಥರ ನರಳುತ್ತೆ, ಆ ಸದ್ದು ಒಂದ್ಸಲ ಕಿವಿಗೆ ಬಿದ್ರೆ ಸಾಯೋವರೆಗೂ ಮರೆಯಲ್ಲ, ಇವತ್ತು ನಾನು ಆಫೀಸ್ ರೂಮಲ್ಲಿ ಬಿಲ್ ಬರೀತಾ ಕೂತಿದ್ರೂ ಹೊರಗಡೆ ಲೇತ್ ಸದ್ದು ಬದಲಾದ್ರೆ ಎದ್ದು ಓಡ್ತೀನಿ. ಇದನ್ನ ವಿಡಿಯೋ ತೋರಿಸಿ ಕಲಿಸೋಕಾಗುತ್ತಾ ಹೇಳಿ. ರಾಡ್ ಹಿಡಿಯೋ ಚಕ್ಕನ್ನ ಬಿಗಿ ಮಾಡೋ ಕೀನ ಚಕ್ಕಲ್ಲೇ ಬಿಟ್ಟು ಆಚೆ ತಿರುಗಿದ್ದಕ್ಕೆ ಮೇಷ್ಟ್ರು ತಲೆ ಮೇಲೆ ಕೊಟ್ಟ ಏಟು ಕೂಡ ನೆನಪಿದೆ, ಮೆಷಿನ್ ಆನ್ ಆಗಿದ್ರೆ ಆ ಕೀ ಎದ್ದು ಬಂದು ಮುಖ ಒಡೀತಿತ್ತು.

ಈಗ ಸರ್ಕಾರ ಏನೂ ಮಾಡಿಲ್ಲ ಅಂದ್ರೆ ಅದು ಸುಳ್ಳಾಗುತ್ತೆ. 2022ರ ಜೂನಲ್ಲಿ ಪ್ರಧಾನಿ ಬೆಂಗಳೂರಿಗೆ ಬಂದಾಗ ರಾಜ್ಯದ 150 ಐಟಿಐಗಳನ್ನ ಟೆಕ್ನಾಲಜಿ ಹಬ್ ಅಂತ ಉದ್ಘಾಟನೆ ಮಾಡಿದ್ರು, ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮಾಡಿದ್ದು, 4700 ಕೋಟಿಗೂ ಮೇಲೆ ಖರ್ಚು. ಒಂದ್ಕಡೆ ಹೋಗಿ ನಾನೇ ನೋಡ್ಕೊಂಡು ಬಂದೆ. ಮೆಷಿನ್ ಅಂದ್ರೆ ಮೆಷಿನ್, ನನ್ನ ಶೆಡ್ಡಲ್ಲಿ ಕನಸಲ್ಲೂ ತರೋಕಾಗದ್ದು, ಮೂಲೇಲಿ ಒಂದು ರೋಬೋ ಕೈ ಬೇರೆ. ಖುಷಿ ಆಯ್ತು, ಹೊಟ್ಟೆಕಿಚ್ಚೂ ಆಯ್ತು. ಆದ್ರೆ ನಮ್ಮಂಥವರ ಕಣ್ಣು ಮೊದಲು ಹೋಗೋದು ಮೆಷಿನ್ ಕೆಳಗೆ ಕಬ್ಬಿಣದ ಚೂರು ಬೀಳೋ ಚಿಪ್ ಟ್ರೇಗೆ. ಕ್ಲೀನಾಗಿತ್ತು. ಹೊಸ ಸ್ಟೀಲ್ ತಟ್ಟೆ ಥರ ಫಳಫಳ ಅಂತಿತ್ತು. ನಮ್ಮಲ್ಲಿ ಅದು ದಿನಕ್ಕೆ ಎರಡು ಸಲ ತುಂಬುತ್ತೆ. ಕೇಳಿದ್ದಕ್ಕೆ ಸಿಮ್ಯುಲೇಷನ್ ಮಾಡಿಸ್ತೀವಿ ಸಾರ್ ಅಂದ್ರು. ಸಿಮ್ಯುಲೇಷನ್ ಬೇಕು, ಬೇಡ ಅನ್ನಲ್ಲ, ಹೊಸಬ ಟರೆಟ್ (ಟೂಲುಗಳನ್ನ ಹಿಡಿಯೋ ತಲೆ) ತಗೊಂಡೋಗಿ ಚಕ್ಕಿಗೆ ಗುದ್ದಿಸೋದು ತಪ್ಪುತ್ತೆ. ಆದ್ರೆ ಸ್ಕ್ರೀನಲ್ಲಿ 25 ಎಂಎಂ ಅಂತ ಟೈಪ್ ಮಾಡಿದ್ರೆ 25 ಎಂಎಂ ಬರುತ್ತೆ, ನಿಜವಾದ ಮೆಷಿನಲ್ಲಿ ಇನ್ಸರ್ಟ್ (ಟೂಲಿನ ತುದಿಗೆ ಕೂರಿಸೋ ಕತ್ತರಿಸೋ ಮೊನೆ) ಸವೆಯುತ್ತೆ, ರಾಡ್ ಬಿಸಿಯಾಗುತ್ತೆ, 25 ಎಂಎಂ ಶಾಫ್ಟಿಗೆ ಡ್ರಾಯಿಂಗಲ್ಲಿ ಸಣ್ಣ ಎಚ್7 (h7) ಅಂತ ಇದ್ರೆ ಅಳತೆ ವ್ಯತ್ಯಾಸ 21 ಮೈಕ್ರಾನ್, ಅಂದ್ರೆ ಒಂದು ಎಂಎಂನ ಸಾವಿರ ಭಾಗದಲ್ಲಿ 21 ಭಾಗ, ಅದರೊಳಗೆ ನಿಲ್ಲಿಸ್ಬೇಕು, ಬಿಸಿ ಇರೋವಾಗ ಅಳೆದು ಓಕೆ ಅಂದ ಪೀಸು ತಣ್ಣಗಾದ್ಮೇಲೆ ಅಂಡರ್ ಸೈಜ್ ಆಗಿರುತ್ತೆ. ಒಂದು ಪೆಟ್ಟಿಗೆ ತುಂಬಾ ರಿಜೆಕ್ಷನ್ ಮಾಡದೆ ಇದು ಯಾರಿಗೂ ಬಂದಿಲ್ಲ, ನನಗೂ ಬರ್ಲಿಲ್ಲ.

ಒಂದು ಇನ್ಸರ್ಟ್ 300 ರಿಂದ 400 ರೂಪಾಯಿ, ರಾಡ್ ಕೆಜಿ ಲೆಕ್ಕ. ಕೋಟಿ ಮೆಷಿನ್ ಕೊಟ್ಟು ಅದಕ್ಕೆ ತಿನ್ನಿಸೋಕೆ ಕಬ್ಬಿಣ ಕೊಡದೆ ಇರೋದು, ಸೀಮೆ ಹಸು ಕಟ್ಟಿ ಹುಲ್ಲಿಗೆ ಟೆಂಡರ್ ಕರೆದ ಹಾಗೆ. ಇದರ ಮೇಲೆ ಟೈಮೂ ಕಮ್ಮಿ ಆಗಿದೆ, ಮೊದಲು ವರ್ಷಕ್ಕೆ 1600 ಗಂಟೆ ಇದ್ದ ಸಿಲಬಸ್ಸು 2022ರಲ್ಲಿ 1200ಕ್ಕೆ ಇಳೀತು, ಪ್ರಾಕ್ಟಿಕಲ್ ಸಾವಿರ ಗಂಟೆ ಇದ್ದದ್ದು 840 ಆಯ್ತು. ಕೈ ಕೆಲಸಕ್ಕೆ ಶಾರ್ಟ್‌ಕಟ್ ಅನ್ನೋದು ನಾನು 28 ವರ್ಷದಲ್ಲಿ ಕಂಡಿಲ್ಲ.

ಹಾಗಂತ ತಪ್ಪೆಲ್ಲ ಐಟಿಐದು ಸರ್ಕಾರದ್ದು ಅಂತ ಹೇಳಿ ನಾವು ಕೈ ತೊಳ್ಕೊಳ್ಳೋಕಾಗಲ್ಲ, ನಮ್ಮ ಪೀಣ್ಯದವರ ಕಥೇನೂ ಹೇಳ್ಬೇಕು. ಅಪ್ರೆಂಟಿಸ್ ಕಾಯ್ದೆ 1961ರದ್ದು, 30 ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಕಂಪನಿ ಎರಡೂವರೆ ಪರ್ಸೆಂಟಿಂದ 15 ಪರ್ಸೆಂಟ್‌ವರೆಗೆ ಅಪ್ರೆಂಟಿಸ್ ತಗೊಳ್ಳಲೇಬೇಕು, ನನ್ನಂಥ ಸಣ್ಣವರು ಇಷ್ಟ ಇದ್ರೆ ತಗೋಬಹುದು. 2019ರ ನಿಯಮದಲ್ಲಿ ಐಟಿಐ ಮುಗಿಸಿದವನಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7000 ಅಂತ ಇಟ್ರು, ಅದರಲ್ಲಿ ಕಾಲುಭಾಗ, ಜಾಸ್ತಿ ಅಂದ್ರೆ 1500, ಕೇಂದ್ರ ಕೊಡುತ್ತೆ. ಎಷ್ಟೋ ಕಡೆ ಏನಾಗುತ್ತೆ ಅಂದ್ರೆ, ಹುಡುಗನನ್ನ ಸಿಎನ್‌ಸಿ ಮುಂದೆ ನಿಲ್ಲಿಸಿ ಡೋರ್ ತೆಗಿ, ಪೀಸ್ ಹಾಕು, ಡೋರ್ ಮುಚ್ಚು, ಸೈಕಲ್ ಸ್ಟಾರ್ಟ್ ಒತ್ತು, ಒಂದು ವರ್ಷ ಪೂರ್ತಿ ಇದೇ. ಟೂಲಿನ ಅಳತೆ ತಿದ್ದೋ ಆಫ್‌ಸೆಟ್ ಪೇಜ್ ಮುಟ್ಟಿದ್ರೆ ಸೆಟ್ಟರ್ ಕೈ ಮೇಲೆ ಹೊಡೀತಾನೆ. ವರ್ಷ ಆದ್ಮೇಲೆ ಸರ್ಟಿಫಿಕೇಟ್ ಕೊಟ್ಟು ಕಳ್ಸು, ಇನ್ನೊಂದು ಬ್ಯಾಚ್ ತಗೋ. ಕಲಿಸಿದ್ರೆ ಪಕ್ಕದ ಶೆಡ್ಡಿನವನು ಎರಡು ಸಾವಿರ ಜಾಸ್ತಿ ಕೊಟ್ಟು ಎಳ್ಕೊಂಡು ಹೋಗ್ತಾನೆ ಅನ್ನೋ ಭಯ. ಭಯ ಸುಳ್ಳಲ್ಲ, ನಾನೂ ಪಕ್ಕದವನಿಂದ ಒಬ್ಬನನ್ನ ಎಳ್ಕೊಂಡು ಬಂದಿದ್ದೀನಿ.

ಬೇರೆಯವರ ಮಾತ್ಯಾಕೆ, ನನ್ನಲ್ಲೇ ಹಿಂಗಾಯ್ತು. ಮೂರು ವರ್ಷದ ಕೆಳಗೆ ಕುಣಿಗಲ್ ಕಡೆಯ ಹುಡುಗ ಒಬ್ಬ ಇದ್ದ, ಚುರುಕು, ದಿನಾ 'ಸೆಟ್ಟಿಂಗ್ ಯಾವಾಗ ಹೇಳ್ಕೊಡ್ತೀರ ಅಣ್ಣ' ಅಂತ ಕೇಳೋನು. ಈ ಆರ್ಡರ್ ಮುಗೀಲಿ, ಈ ತಿಂಗಳು ಕಳೀಲಿ ಅಂತ ನಾನು ಮುಂದೂಡ್ತಾ ಹೋದೆ, ಹನ್ನೊಂದನೇ ತಿಂಗಳಿಗೆ ಹೇಳ್ದೆ ಕೇಳ್ದೆ ಬಿಟ್ಟ. ಆಮೇಲೆ ಗೊರಗುಂಟೆಪಾಳ್ಯ ಸಿಗ್ನಲಲ್ಲಿ ಸಿಕ್ಕಿದ, ಬೆನ್ನಿಗೆ ಡೆಲಿವರಿ ಬ್ಯಾಗು. 'ಅಲ್ಲಿಗಿಂತ ಇಲ್ಲಿ ಜಾಸ್ತಿ ಉಳಿಯುತ್ತೆ ಅಣ್ಣ, ಹೆಂಗಿದ್ರೂ ಎರಡು ಕಡೇನೂ ಕಲಿಯೋದೇನಿಲ್ಲ' ಅಂದ. ಸಿಗ್ನಲ್ ಬಿಡ್ತು, ಹೋದ. ನನ್ನ ಹತ್ರ ಉತ್ತರ ಇರ್ಲಿಲ್ಲ, ಇವತ್ತೂ ಇಲ್ಲ.

ಇದೇ ರಾಜ್ಯದಲ್ಲಿ ಸರಿಯಾಗಿ ನಡೀತಿರೋದೂ ಇದೆ. ಜಿಟಿಟಿಸಿ, ಅಂದ್ರೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ನೋಡಿ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಾಯದಿಂದ ಬೆಂಗಳೂರಲ್ಲಿ ಶುರುವಾಗಿದ್ದು. ಟೂಲ್ ಅಂಡ್ ಡೈ ಡಿಪ್ಲೊಮಾಗೆ ಮೂರು ವರ್ಷ ಅಲ್ಲಿ, ಒಂದು ವರ್ಷ ಕಂಪನೀಲಿ. ಅಲ್ಲಿ ಹೊರಗಡೆಯ ನಿಜವಾದ ಜಾಬ್ ತಗೊಂಡು ಮಾಡಿಕೊಡ್ತಾರೆ, ಕಸ್ಟಮರ್ ಇರ್ತಾನೆ, ಡೆಲಿವರಿ ಡೇಟ್ ಇರುತ್ತೆ, ಹುಡುಗ್ರು ಅದರ ಮಧ್ಯದಲ್ಲೇ ಬೆಳೀತಾರೆ. ಅಲ್ಲಿಂದ ಬಂದವರು ನನ್ನಂಥ ಸಣ್ಣ ಶೆಡ್ಡಿಗೆ ಸಿಗೋದೇ ಇಲ್ಲ, ದೊಡ್ಡೋರು ಮೊದಲೇ ಬಾಚ್ಕೊಂಡು ಹೋಗ್ತಾರೆ. ವಿಶ್ವೇಶ್ವರಯ್ಯನವರು ಮುಂದೆ ನಿಂತು 1943ರಲ್ಲಿ ಬೆಂಗಳೂರಲ್ಲಿ ಕಟ್ಟಿಸಿದ್ದು ಕೂಡ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟು, ಅದೇ ಈಗಿನ ಎಸ್‌ಜೆ ಪಾಲಿಟೆಕ್ನಿಕ್. ಅವರ ಫೋಟೋಗೆ ಹಾರ ಹಾಕೋ ಇಂಜಿನಿಯರ್ಸ್ ಡೇ ದಿನ ಯಾರಾದ್ರೂ ಇದನ್ನ ನೆನಪಿಸ್ಕೊಂಡಿದ್ದು ನಾನು ಕೇಳಿಲ್ಲ.

2020ರ ಶಿಕ್ಷಣ ನೀತೀಲಿ 2025ರೊಳಗೆ ಅರ್ಧದಷ್ಟು ಮಕ್ಕಳಿಗಾದ್ರೂ ವೃತ್ತಿ ಶಿಕ್ಷಣದ ಪರಿಚಯ ಆಗ್ಬೇಕು ಅಂತ ಬರೆದಿದ್ರು, ಆ ನೀತಿ ನಮ್ಮ ರಾಜ್ಯಕ್ಕೆ ಬೇಕೋ ಬೇಡ್ವೋ ಅನ್ನೋ ಜಗಳದಲ್ಲೇ ಟೈಮ್ ಹೋಯ್ತು. ಯುವನಿಧೀಲಿ ಡಿಪ್ಲೊಮಾ ಮಾಡಿ ಕೆಲಸ ಸಿಗದೋರಿಗೆ ತಿಂಗಳಿಗೆ 1500 ಕೊಡ್ತಾರೆ, ಕೊಡ್ಲಿ, ಕಷ್ಟದಲ್ಲಿರೋರಿಗೆ ಆಗುತ್ತೆ. ಅಪ್ರೆಂಟಿಸ್ ಹುಡುಗನ ಮೇಲೆ ಕೇಂದ್ರ ಜಾಸ್ತಿ ಅಂದ್ರೆ ಹಾಕೋದೂ 1500ನೇ, ಅದೇನು ಲೆಕ್ಕಾನೋ. ನಾನು ಕೇಳೋದು ಇಷ್ಟೇ, ಒಬ್ಬೊಬ್ಬ ಹುಡುಗನ ಹೆಸರಲ್ಲಿ ವರ್ಷಕ್ಕೆ ಇಷ್ಟು ಕೆಜಿ ಕಬ್ಬಿಣ, ಇಷ್ಟು ಟೂಲು ಅಂತ ಬರೆದಿಡಿ, ಅದು ಖರ್ಚಾಗದೆ ಉಳಿದ್ರೆ ಪ್ರಿನ್ಸಿಪಾಲರನ್ನ ಯಾಕೆ ಉಳೀತು ಅಂತ ಕೇಳಿ. ಈಗ ಉಲ್ಟಾ, ಉಳಿಸಿದೋನೇ ಜಾಣ. ತಂದೆ ತಾಯಂದಿರಿಗೂ ಒಂದು ಮಾತು, ಐಟಿಐ ಮಾಡಿದ್ರೆ ಅಲ್ಲಿಗೇ ಮುಗೀತು ಅಂದ್ಕೋಬೇಡಿ, ಎರಡು ವರ್ಷದ ಟ್ರೇಡ್ ಪಾಸಾದ್ರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು, ಅಲ್ಲಿಂದ ಡಿಸಿಇಟಿ, ಅಂದ್ರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆದು ಬಿಇ ಎರಡನೇ ವರ್ಷಕ್ಕೂ ಹೋಗಬಹುದು. ಮುಂದಿನ ಸಲ ಪುರವಣಿ ಮಾಡೋವಾಗ ಆ ಬಾಕ್ಸಲ್ಲಿ ಇದನ್ನಾದ್ರೂ ಹಾಕಿ.

ಕೊನೇದಾಗಿ ಒಂದು ಘಟನೆ. ನಮ್ಮಲ್ಲಿ ರಾಡ್ ಕತ್ತರಿಸಿದ್ಮೇಲೆ ಎಂಡ್ ಪೀಸ್ ಉಳಿಯುತ್ತೆ, ಎರಡಿಂಚು ಮೂರಿಂಚಿನ ತುಂಡು, ಜೊತೆಗೆ ರಿಜೆಕ್ಷನ್ ಆದ ಪೀಸು, ಆ 38 ಬ್ರಾಕೆಟ್ಟೂ ಸೇರಿ. ಗುಜರಿಯವನು ಕೆಜಿಗೆ 30 ಚಿಲ್ಲರೆ ಕೊಡ್ತಾನೆ. ಅದಕ್ಕಿಂತ ಹುಡುಗ್ರಿಗಾದ್ರೂ ಪ್ರಾಕ್ಟೀಸಿಗೆ ಆಗುತ್ತಲ್ಲ ಅಂತ ಒಂದು ಐಟಿಐಗೆ ಫೋನ್ ಮಾಡ್ದೆ. ಮೇಷ್ಟ್ರು ಖುಷಿಯಾಗಿ 'ನಾಳೇನೇ ಬರ್ತೀವಿ ಸಾರ್' ಅಂದ್ರು. ಮಾರನೇ ದಿನ ಆಫೀಸಿಂದ ಫೋನು, ಬಿಲ್ ಇಲ್ದೆ ಸಾಮಾನು ಒಳಗೆ ತಗೊಂಡ್ರೆ ಸ್ಟಾಕ್ ಬುಕ್ಕಲ್ಲಿ ಏನಂತ ತೋರಿಸೋದು, ಆಡಿಟ್‌ನೋರು ಕೇಳ್ತಾರೆ, ಮೇಲಿಂದ ಪರ್ಮಿಷನ್ ಕೇಳಿ ಹೇಳ್ತೀವಿ ಅಂತ. ಸರ್ಕಾರಿ ಜಾಗದಿಂದ ಸಾಮಾನು ಹೊರಗೆ ಹೋಗೋಕೆ ಕಾಗದ ಬೇಕು ಅಂತ ಗೊತ್ತಿತ್ತು, ಒಳಗೆ ಬರೋಕೂ ಬೇಕು ಅಂತ ಗೊತ್ತಿರ್ಲಿಲ್ಲ. ಇದು ಫೆಬ್ರವರಿ ಮಾತು. ನಾಲ್ಕು ಗೋಣಿಚೀಲ ಇನ್ನೂ ನಮ್ಮ ಗೇಟ್ ಹತ್ರನೇ ಇದೆ, ಮಳೆ ಶುರುವಾಯ್ತು ಅಂತ ಮೇಲೊಂದು ಫ್ಲೆಕ್ಸ್ ಹೊದಿಸಿದ್ದೀವಿ. ಯಾರಾದ್ರೂ ಮೇಷ್ಟ್ರು ಓದ್ತಿದ್ರೆ ಆಟೋ ಬಾಡಿಗೆ ಕೂಡ ನಾನೇ ಕೊಡ್ತೀನಿ.

ಇಂತಿ,
ಒಬ್ಬ ಟರ್ನರ್,
ಪೀಣ್ಯ 2ನೇ ಹಂತ, ಬೆಂಗಳೂರು