ಹೆಸರು ತಿಳಿಯದ ಆ ದಾದಿಯವರಿಗೆ

ಇನ್‌ಫ್ಲುಯೆನ್ಜಾ ಜ್ವರ ಬಂದ ಮರುದಿನವೇ ನಮ್ಮ ಮಗಳಿಗೆ ಫಿಟ್ಸ್ ಬಂದು, ಅದು ನಿಂತ ಮೇಲೂ ಅವಳು ನಮ್ಮನ್ನು ಗುರುತಿಸದೆ ಮಲಗಿದ್ದಾಗ, ಇದು ಸಾಮಾನ್ಯ ಜ್ವರದ ಮಂಪರಲ್ಲವೆಂದು ಮೊದಲು ಗ್ರಹಿಸಿ ವೈದ್ಯರನ್ನು ಕರೆತಂದ ತುರ್ತು ವಿಭಾಗದ ದಾದಿಯವರಿಗೆ ನಮ್ಮ ಕುಟುಂಬದ ಹೃತ್ಪೂರ್ವಕ ಧನ್ಯವಾದಗಳು. ವೈರಾಣು ಮಿದುಳನ್ನು ಹೊಕ್ಕದಿದ್ದರೂ ದೇಹದ ರೋಗನಿರೋಧಕ ವ್ಯವಸ್ಥೆಯ ಅತಿಯಾದ ಪ್ರತಿಕ್ರಿಯೆಯಿಂದಲೇ ಮಿದುಳು ಊದಿಕೊಳ್ಳಬಹುದು, ತೀರಾ ಉಲ್ಬಣಿಸಿದಾಗ ಮಿದುಳಿನ ಆಳದಲ್ಲಿದ್ದು ಸಂವೇದನೆಗಳನ್ನು ರವಾನಿಸುವ ಎರಡೂ ಬದಿಯ ಥಾಲಮಸ್‌ಗೆ ಹಾನಿಯಾಗಬಹುದು ಎಂಬುದನ್ನು ಅವರು ಎಂಆರ್‌ಐ ಕೋಣೆಯ ಹೊರಗೆ ನಮ್ಮನ್ನು ಹೆದರಿಸದೆ, ಆದರೆ ಏನನ್ನೂ ಮರೆಮಾಚದೆ ವಿವರಿಸಿದರು; ಬರಿಯ ಸಾಂತ್ವನಕ್ಕಿಂತ ಅಂಥ ನೇರ ಮಾತೇ ಹೆಚ್ಚು ಧೈರ್ಯ ಕೊಡುತ್ತದೆಂದು ನನಗನಿಸುತ್ತದೆ. ಆಸ್ಪಿರಿನ್ ಕೊಟ್ಟಿದ್ದೀರಾ ಎಂದು ಅವರು ಮತ್ತೆ ಮತ್ತೆ ಕೇಳಿದ್ದರ ಹಿಂದೆ, ವೈರಾಣು ಜ್ವರದಲ್ಲಿ ಆಸ್ಪಿರಿನ್ ಪಡೆದ ಮಕ್ಕಳ ಮಿದುಳು, ಯಕೃತ್ತಿಗೆ ಹಾನಿ ಮಾಡಬಲ್ಲ ರೈ ಸಿಂಡ್ರೋಮ್‌ನ ಶಂಕೆಯಿತ್ತೆಂದು ಆಮೇಲೆ ತಿಳಿಯಿತು. ಇನ್‌ಫ್ಲುಯೆನ್ಜಾ ವೈರಾಣುವಿನ ವಿರುದ್ಧದ ಔಷಧವಾದ ಒಸೆಲ್ಟಾಮಿವಿರ್, ಊತ ತಗ್ಗಿಸುವ ಸ್ಟೀರಾಯ್ಡ್ ಚಿಕಿತ್ಸೆಗಳು ತಡವಿಲ್ಲದೆ ಆರಂಭವಾದವು. ಮಗಳು ಈಗ ನಡೆಯುತ್ತಾಳೆ, ಮಾತನಾಡುತ್ತಾಳೆ; ಬಲಗೈಯ ದೌರ್ಬಲ್ಯಕ್ಕೆ ಫಿಸಿಯೋಥೆರಪಿ ಮುಂದುವರಿದಿದೆ.