ಚೀಲ ಕಾಯುವವರಿಗೂ ಗುಹೆ ನೋಡುವ ಆಸೆಯಿದೆ

ಮಾನ್ಯ ಸಂಪಾದಕರಿಗೆ,

ನಾನು ಗದಗಿನಲ್ಲಿ ವಾಸವಾಗಿರುವ 51 ವರ್ಷದ ಗೃಹಿಣಿ. ರೋಣದ ಮೇಲೆ ಹಾಯ್ದು ಹೋದರೆ ನಮ್ಮೂರಿನಿಂದ ಬಾದಾಮಿಗೆ ಬಸ್ಸಿನಲ್ಲಿ ಸುಮಾರು ಎರಡು ತಾಸಿನ ದಾರಿ. ಮದುವೆಯಾದ ಮೇಲೆ ಮನೆಯವರೊಂದಿಗೆ ಮೂರು ಸಲ ಬಾದಾಮಿಗೆ ಹೋಗಿಬಂದಿದ್ದೇನೆ. ಆದರೆ ಅಲ್ಲಿನ ಗುಹಾಲಯಗಳನ್ನು ನಾನು ಕಣ್ಣಾರೆ ಕಂಡದ್ದು ಕಳೆದ ಚಳಿಗಾಲದಲ್ಲಿ, ನಾಲ್ಕನೆಯ ಸಲ, ಓಣಿಯ ಇಬ್ಬರು ಗೆಳತಿಯರ ಜೊತೆ ಹೋದಾಗ. ದಸರೆಯ ರಜೆ ಹತ್ತಿರವಾಗುತ್ತಿದ್ದು, ಸಾವಿರಾರು ಮನೆಗಳಲ್ಲಿ ಪ್ರವಾಸದ ಮಾತು ನಡೆದಿರುವ ಈ ಹೊತ್ತಿನಲ್ಲಿ, ನನ್ನ ವಯಸ್ಸಿನ ಹೆಣ್ಣುಮಕ್ಕಳು ಪ್ರವಾಸಕ್ಕೆ ಹೋದಾಗ ನಿಜಕ್ಕೂ ಏನನ್ನು ನೋಡಿ ಬರುತ್ತಾರೆ ಎಂಬುದನ್ನು ತಮ್ಮ ಪತ್ರಿಕೆಯ ಓದುಗರ ಮುಂದೆ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ಸಲ ಹೋದದ್ದು ಮದುವೆಯಾದ ಮರುವರ್ಷ. ಅತ್ತೆಯವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು; ಹಿರಿಯರನ್ನು ಒಂಟಿಯಾಗಿ ಕೂರಿಸಿ ಹೋಗುವುದು ಸರಿಯಲ್ಲವೆಂದು ನಾನು ಅವರೊಡನೆ ಕೆಳಗೇ ಉಳಿದೆ. ಎರಡನೆಯ ಸಲ ಮಗಳು ಕಂಕುಳಲ್ಲಿದ್ದಳು, ಬಿಸಿಲಿಗೆ ಅಳುತ್ತಿದ್ದಳು. ಮೂರನೆಯ ಸಲ ಬೆಂಗಳೂರಿನಿಂದ ಮೈದುನನ ಸಂಸಾರ ಬಂದಿತ್ತು. ಒಟ್ಟು ಒಂಬತ್ತು ಜನ, ಆರು ಚೀಲ. ಅಲ್ಲಿ ಕೋತಿಗಳ ಕಾಟ ಎಷ್ಟೆಂಬುದು ಹೋದವರಿಗೆಲ್ಲ ಗೊತ್ತು. ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತಿದರೆ ತಿಂಡಿಯ ಪೊಟ್ಟಣ ಅವುಗಳ ಪಾಲಾಗುವುದು ಖಚಿತ. "ಅವ್ವಾ, ನೀ ಇಲ್ಲೇ ಕುಂತಿರು, ನಾವು ಪಟ್ಟನ ನೋಡಿ ಬರ್ತೀವಿ" ಎಂದು ಮಗಳು ಹೇಳಿದಳು. "ನೀ ಹಿಂದಿನ ಸಲ ನೋಡೀಯಲ್ಲ" ಎಂದು ಯಜಮಾನರು ಸೇರಿಸಿದರು. ಹಿಂದಿನ ಸಲವೂ ನಾನು ನೋಡಿರಲಿಲ್ಲ ಎಂಬುದು ಅವರ ನೆನಪಿನಲ್ಲಿರಲಿಲ್ಲ, ಜ್ಞಾಪಿಸುವ ಮನಸ್ಸು ನನಗೂ ಬರಲಿಲ್ಲ. ಬೇವಿನ ಮರದ ನೆರಳಿನಲ್ಲಿ ಆರು ಚೀಲಗಳನ್ನು ಸುತ್ತಲೂ ಇಟ್ಟುಕೊಂಡು, ಕೈಯಲ್ಲೊಂದು ಕೋಲು ಹಿಡಿದು ಒಂದೂವರೆ ತಾಸು ಕುಳಿತೆ. ನನ್ನ ಪಕ್ಕದಲ್ಲಿ ಬೇರೆ ಬೇರೆ ಊರುಗಳಿಂದ ಬಂದಿದ್ದ ಇನ್ನೂ ನಾಲ್ವರು ಹೆಂಗಸರು ಹಾಗೆಯೇ ಚೀಲ ಕಾಯುತ್ತ ಕುಳಿತಿದ್ದರು. ನಾವು ಐವರೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವರಾಗಿದ್ದೆವು.

ಆ ಚೀಲಗಳಲ್ಲಿ ಇದ್ದುದಾದರೂ ಏನು? ಹೆಚ್ಚಿನ ಪಾಲು ನಾನೇ ಕಟ್ಟಿದ ಬುತ್ತಿ. ಪ್ರವಾಸದ ದಿನ ಮನೆಯ ಉಳಿದವರೆಲ್ಲ ಐದು ಗಂಟೆಗೆ ಎದ್ದರೆ ಅಡುಗೆ ಮಾಡುವವಳು ಎರಡೂವರೆಗೇ ಎದ್ದಿರುತ್ತಾಳೆ. ಚಪಾತಿ, ಖಡಕ್ ರೊಟ್ಟಿ, ಎಣ್ಣೆಗಾಯಿ, ಚಿತ್ರಾನ್ನ, ಮೊಸರನ್ನ, ಶೇಂಗಾ ಚಟ್ನಿ, ಮಕ್ಕಳಿಗೆ ಬೇರೆ ತಿಂಡಿ, ಹಿರಿಯರಿಗೆ ಖಾರವಿಲ್ಲದ ಪಲ್ಯ ಎಲ್ಲವೂ ಸಿದ್ಧವಾಗಿ, ಮನೆ ಗುಡಿಸಿ, ಹಾಲಿನವನಿಗೆ ಹೇಳಿ, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿ ಬಾಗಿಲಿಗೆ ಬೀಗ ಹಾಕುವಷ್ಟರಲ್ಲಿ ಅವಳ ಒಂದು ದಿನದ ಶಕ್ತಿ ಖರ್ಚಾಗಿರುತ್ತದೆ. ಊಟ ಬಡಿಸಿ, ತಾಟು ತೊಳೆದು, ಸಂಜೆ ಮನೆಗೆ ಬಂದು ಮತ್ತೆ ಅನ್ನಕ್ಕಿಡುವುದೂ ಅವಳೇ. ಇದನ್ನು ದೂರಾಗಿ ಹೇಳುತ್ತಿಲ್ಲ. ನನ್ನ ಕೈಯ ಎಣ್ಣೆಗಾಯಿಯನ್ನು ಮನೆಯವರೆಲ್ಲ ಮರದ ಕೆಳಗೆ ಕುಳಿತು ಚಪ್ಪರಿಸಿ ತಿನ್ನುವುದನ್ನು ನೋಡುವ ಸಂತೋಷ ನನ್ನ ಪಾಲಿಗೆ ನಿಜವಾದದ್ದು. ಆದರೆ ಬುತ್ತಿ ಕಟ್ಟಿದವಳೇ ಬುತ್ತಿ ಕಾಯಲೂ ಬೇಕೆಂಬ ರೂಢಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಬಹುಕಾಲ ನನ್ನೊಳಗೇ ಉಳಿದಿತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ, ಐಷಾರಾಮಿ ಬಸ್ಸುಗಳನ್ನು ಬಿಟ್ಟು ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರು ರಾಜ್ಯದೊಳಗೆ ಹಣ ಕೊಡದೆ ಸಂಚರಿಸುವಂತಾಯಿತು. ಇದನ್ನು ಬಿಟ್ಟಿ ಬಸ್ಸು ಎಂದು ಜರಿಯುವವರಿಗೆ ನಾನು ವಿನಯದಿಂದ ಹೇಳಬಯಸುವುದೇನೆಂದರೆ, ನಮ್ಮಂಥವರಿಗೆ ಅದರಿಂದ ಉಳಿದದ್ದು ಹಣಕ್ಕಿಂತ ಹೆಚ್ಚಾಗಿ ಹಣ ಕೇಳುವ ಪ್ರಸಂಗ. "ಎಲ್ಲಿಗೆ, ಯಾಕೆ, ಎಷ್ಟು" ಎಂಬ ಮೂರು ಪ್ರಶ್ನೆಗಳಲ್ಲಿ ಮೂರನೆಯದು ತಪ್ಪಿತೆಂದರೆ ಉಳಿದೆರಡಕ್ಕೆ ಉತ್ತರ ಹೇಳುವುದು ಸುಲಭ. ನಾವು ಮೂವರೂ ಮೊದಮೊದಲು ಹೋದದ್ದು ದೂರಕ್ಕೇನಲ್ಲ. ಮಂಗಳವಾರ ಮಧ್ಯಾಹ್ನದ ಕೆಲಸ ಮುಗಿಸಿ, ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋಗಿ, ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಕೆತ್ತನೆಯನ್ನು ನಿಧಾನವಾಗಿ ನೋಡಿ, ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ತಂಪಿಗೆ ಕುಳಿತು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದೆವು. ಮತ್ತೊಂದು ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿ, ಹಿಮಾಲಯದಾಚೆಯಿಂದ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಿದೆವು. ಹಕ್ಕಿಗಳ ಹಿಂಡು ಒಮ್ಮೆಲೇ ಎದ್ದಾಗ ಕೆರೆಯ ನೀರೆಲ್ಲ ಸದ್ದು ಮಾಡಿದಂತಾಯಿತು, ನಮ್ಮ ಮೂವರಲ್ಲಿ ಹಿರಿಯರಾದವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. 58 ವರ್ಷದ ಅವರು ಹುಟ್ಟಿ ಬೆಳೆದದ್ದು ಅಲ್ಲಿಂದ ತುಸು ದೂರದ ಹಳ್ಳಿಯಲ್ಲಿ, ಆದರೂ ಆ ಹಕ್ಕಿಗಳನ್ನು ನೋಡಲೆಂದೇ ಹೋದದ್ದು ಅದೇ ಮೊದಲು.

ಹೀಗೆ ಧೈರ್ಯ ಬಂದ ಮೇಲೆ ಬಾದಾಮಿಗೆ ಹೊರಟೆವು. ಬುತ್ತಿ ಕಟ್ಟಲಿಲ್ಲ. ಒಬ್ಬೊಬ್ಬರಿಗೆ ಹೆಗಲಿಗೆ ಹಾಕುವ ಒಂದೊಂದು ಸಣ್ಣ ಚೀಲ, ಅದರಲ್ಲಿ ನೀರಿನ ಬಾಟಲಿ, ಆಧಾರ್ ಕಾರ್ಡ್, ಮೊಣಕಾಲಿನ ಗುಳಿಗೆ. ಮೆಟ್ಟಿಲ ಕೆಳಗೆ ನಿಂತಾಗ ನನ್ನ ಕಾಲು ತಾನಾಗಿಯೇ ಬೇವಿನ ಮರದತ್ತ ತಿರುಗಿತು. ಮೊದಲ ಗುಹೆಯ ಹೊರಗಿನ ಹದಿನೆಂಟು ಕೈಯ ನಟರಾಜನನ್ನು ಚಿತ್ರಗಳಲ್ಲಿ ಎಷ್ಟೋ ಸಲ ಕಂಡಿದ್ದೆ, ಎದುರಿಗೆ ನಿಂತಾಗ ಮಾತ್ರ ಆ ಕೈಗಳನ್ನು ಒಂದೊಂದಾಗಿ ಎಣಿಸಬೇಕೆನಿಸಿತು, ಎಣಿಸಿದೆ. ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಬರೆಸಿದ, ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ನಾವು ಒಂದು ತಾಸಿಗೂ ಹೆಚ್ಚು ಹೊತ್ತು ಇದ್ದೆವು. ಅಲ್ಲಿ ಆದಿಶೇಷನ ಮೇಲೆ ಕುಳಿತ ವಿಷ್ಣುವಿಗಿಂತಲೂ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಬಗಳ ಮೇಲ್ತುದಿಯಲ್ಲಿ ಒಬ್ಬರಿಗೊಬ್ಬರು ಒರಗಿ ನಿಂತ ಗಂಡುಹೆಣ್ಣುಗಳ ಶಿಲ್ಪಗಳು. ಅಲ್ಲಿಂದ ಹೊರಬಂದರೆ ಕೆಳಗೆ ಅಗಸ್ತ್ಯ ತೀರ್ಥದ ಹಸಿರು ನೀರು, ಆಚೆ ದಂಡೆಯಲ್ಲಿ ಭೂತನಾಥ ಗುಡಿ, ಮೆಟ್ಟಿಲ ಮೇಲೆ ಅರಿವೆ ಒಗೆಯುತ್ತಿದ್ದ ಹೆಂಗಸರು. ಅವರು ಅರಿವೆ ಬಡಿದ ಸದ್ದು ಬಂಡೆಗೆ ತಾಗಿ ಒಂದು ಕ್ಷಣ ತಡವಾಗಿ ಮೇಲೆ ಬರುತ್ತಿತ್ತು. ಮೂರು ಸಲ ನಾನು ಕೆಳಗೆ ಕುಳಿತಿದ್ದಾಗ ನಮ್ಮ ಮನೆಯವರೆಲ್ಲ ಇದನ್ನು ನೋಡುತ್ತಿದ್ದರು ಎಂದು ನೆನೆದು ಕಣ್ಣು ತುಂಬಿ ಬಂತು.

ಮಧ್ಯಾಹ್ನ ಬನಶಂಕರಿಗೆ ಹೋಗಿ, ದೇವಿಯ ದರ್ಶನ ಮುಗಿಸಿ, ಬುಟ್ಟಿ ಹೊತ್ತು ಬರುವ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪಿಂಡಿ, ಗಟ್ಟಿ ಮೊಸರು ತೆಗೆದುಕೊಂಡು ಉಂಡೆವು. ನಮಗೆ ಬಡಿಸಿದಾಕೆ ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಬಂದವರಿಗೆಲ್ಲ ಸಂಜೆಯವರೆಗೆ ಬಡಿಸುತ್ತಾರಂತೆ. ನೀರು ಕುಡಿಯಿರಿ ಎಂದು ನನ್ನ ಗೆಳತಿ ಬಾಟಲಿ ಚಾಚಿದಾಗ, "ಬ್ಯಾಡ್ರಿ ಅಕ್ಕಾರ, ಮನಿಗೆ ಹೋಗೂ ತನಕಾ ನಾ ಕುಡಿಯಂಗಿಲ್ರಿ" ಎಂದರು. ಯಾಕೆ ಎಂದು ನಾವು ಕೇಳಲಿಲ್ಲ. ನಾವೂ ಬೆಳಗಿನಿಂದ ಒಂದೊಂದೇ ಗುಟುಕು ನೀರು ಕುಡಿಯುತ್ತ ಬಂದವರೇ ಆಗಿದ್ದೆವು.

ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿ ಇದೇ. ಮತ್ತೊಂದು ಪ್ರವಾಸದಲ್ಲಿ, ಹೆಸರು ಹೇಳುವ ಅಗತ್ಯವಿಲ್ಲದ ಒಂದು ಬಸ್ ನಿಲ್ದಾಣದಲ್ಲಿ ಸಂಜೆ ಏಳೂವರೆಗೆ ಇಳಿದೆವು. ಮಹಿಳೆಯರ ಶೌಚಾಲಯಕ್ಕೆ ಬೀಗ ಹಾಕಿತ್ತು, ಬೀಗದ ಕೈ ಇದ್ದವರು ಮನೆಗೆ ಹೋಗಿದ್ದರು. ಯಾರೋ ಪುಣ್ಯಾತ್ಮರು ಫೋನ್ ಮಾಡಿ ಕರೆಸಿದ ಮೇಲೆ ಬಾಗಿಲು ತೆರೆಯಿತು. ಒಳಗೆ ದೀಪವಿಲ್ಲ, ಬಾಗಿಲಿಗೆ ಚಿಲಕವಿಲ್ಲ, ನೆಲದ ತುಂಬ ನೀರು, ಚೀಲ ತೂಗುಹಾಕಲು ಗೋಡೆಗೆ ಒಂದು ಮೊಳೆಯೂ ಇಲ್ಲ. ಒಬ್ಬರು ಹೊರಗಿನಿಂದ ಬಾಗಿಲು ಹಿಡಿದುಕೊಂಡರು, ಇನ್ನೊಬ್ಬರು ಮೊಬೈಲಿನ ಬೆಳಕು ಬಿಟ್ಟರು. ನಾನು ನಿರಿಗೆಯನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿಕೊಂಡು ಒಳಗೆ ಹೋದೆ. ಮೂವರಿದ್ದೆವು, ಆದ್ದರಿಂದ ಸಾಧ್ಯವಾಯಿತು. ಒಬ್ಬಳೇ ಬಂದ ಹೆಂಗಸು ಏನು ಮಾಡಬೇಕು?

ಮುಟ್ಟು ನಿಲ್ಲುವ ವಯಸ್ಸಿನ ಆಚೀಚೆ ಇರುವ ಹೆಣ್ಣಿನ ದೇಹ ಹೇಳಿಕೇಳಿ ನಡೆಯುವುದಿಲ್ಲ. ಎರಡು ತಿಂಗಳು ಕಾಣದ ಮುಟ್ಟು ಬಸ್ಸಿನಲ್ಲಿ ಕುಳಿತಾಗ ದಿಢೀರನೆ ಬರಬಹುದು, ಸ್ರಾವ ವಿಪರೀತವಾಗಿರಬಹುದು, ಚಳಿಯಲ್ಲೂ ಮೈ ಬೆವರಬಹುದು, ಎರಡು ಹೆರಿಗೆ ಕಂಡವರಿಗೆ ಕೆಮ್ಮಿದರೂ ಮೂತ್ರ ತಡೆಯಲು ಕಷ್ಟವಾಗಬಹುದು. ನೀರು ಕುಡಿಯದೆ, ಬಂದ ಮೂತ್ರವನ್ನು ತಾಸುಗಟ್ಟಲೆ ತಡೆದರೆ ಮೂತ್ರನಾಳದ ಸೋಂಕು ತಗಲುವ ಅಪಾಯ ಹೆಚ್ಚುತ್ತದೆ ಎಂಬುದು ಪ್ರತಿ ವೈದ್ಯರೂ ಹೇಳುವ ಮಾತು. ಈ ವಯಸ್ಸಿನ ಕಷ್ಟ ಸರ್ಕಾರಕ್ಕೆ ಗೊತ್ತಿಲ್ಲವೆಂದೇನಲ್ಲ. 45 ವರ್ಷ ದಾಟಿದ ಮಹಿಳೆಗೆ, ಖಾಲಿ ಇದ್ದಲ್ಲಿ, ಕೆಳಗಿನ ಬರ್ತ್ ತಾನಾಗಿಯೇ ಸಿಗುವ ವ್ಯವಸ್ಥೆ ರೈಲ್ವೆಯಲ್ಲಿದೆ. (58 ದಾಟಿದ ಮಹಿಳೆಯರಿಗಿದ್ದ ಅರ್ಧ ದರದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತುಹೋಯಿತು, ಅದು ಬೇರೆಯೇ ಪತ್ರದ ವಿಷಯ.) ರೈಲಿನಲ್ಲಿ ತೋರುವ ಈ ಕಾಳಜಿ ಬಸ್ ನಿಲ್ದಾಣದಲ್ಲಿಯೂ ಪ್ರೇಕ್ಷಣೀಯ ಸ್ಥಳದಲ್ಲಿಯೂ ಏಕಿರಬಾರದು?

ನಮ್ಮ ಭಾಗದ ಗುಡಿಗಳನ್ನು ನೋಡುವಾಗಲೆಲ್ಲ ನನಗೆ ಇನ್ನೊಂದು ವಿಚಾರ ಬರುತ್ತದೆ. ಲಕ್ಕುಂಡಿಯ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಹೆಣ್ಣುಮಕ್ಕಳು ನಿಂತು ಕಟ್ಟಿಸಿದ ಗುಡಿಗಳ ನಾಡಿನಲ್ಲಿ ಅವನ್ನು ನೋಡಬಂದ ಹೆಣ್ಣುಮಕ್ಕಳು ಹೊರಗಿನ ಮರದ ನೆರಳನ್ನಷ್ಟೇ ನೋಡಿ ಹಿಂದಿರುಗುವುದು ನನಗೆ ತುಂಬ ನೋವಿನ ಸಂಗತಿಯಾಗಿ ಕಾಣುತ್ತದೆ.

ಸಾರಿಗೆ ಮತ್ತು ಪ್ರವಾಸೋದ್ಯಮ ಇಲಾಖೆಗಳ ಅಧಿಕಾರಿಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ತಮ್ಮ ಪತ್ರಿಕೆಯ ಮೂಲಕ ನನ್ನ ಕೋರಿಕೆ ದೊಡ್ಡದೇನಲ್ಲ. ಕೊನೆಯ ಬಸ್ಸು ಹೊರಡುವವರೆಗೆ ಮಹಿಳೆಯರ ಶೌಚಾಲಯ ತೆರೆದಿರಲಿ, ಅದನ್ನು ನೋಡಿಕೊಳ್ಳಲು ಸರಿಯಾದ ಸಂಬಳ ಕೊಟ್ಟು ಒಬ್ಬ ಮಹಿಳೆಯನ್ನೇ ನೇಮಿಸಲಿ. ಬಾಗಿಲಿಗೆ ಚಿಲಕ, ಗೋಡೆಗೆ ಮೊಳೆ, ಮೂಲೆಯಲ್ಲಿ ಮುಚ್ಚಳವಿರುವ ಕಸದ ಡಬ್ಬಿ, ಮೊಣಕಾಲು ಮಡಚಲಾಗದವರಿಗೆ ಒಂದಾದರೂ ಕಮೋಡ್ ಇರಲಿ. ಮೆಟ್ಟಿಲಿರುವ ಪ್ರತಿ ಪ್ರೇಕ್ಷಣೀಯ ಸ್ಥಳದ ಕೆಳಗೆ, ಐದೋ ಹತ್ತೋ ರೂಪಾಯಿ ಪಡೆದು ಚೀಟಿ ಕೊಟ್ಟು ಚೀಲ ಇಟ್ಟುಕೊಳ್ಳುವ ಒಂದು ಕೋಣೆ ಇರಲಿ. ಮಹಿಳಾ ಸ್ವಸಹಾಯ ಸಂಘಗಳಿಗೆ ಅದನ್ನು ವಹಿಸಿದರೆ ಅವರಿಗೂ ನಾಲ್ಕು ಕಾಸು ಸಿಕ್ಕೀತು. ದೊಡ್ಡ ಪ್ರತಿಮೆಗಳಿಗೂ ಬಣ್ಣದ ದೀಪಗಳಿಗೂ ಹಣ ಹೊಂದಿಸುವವರಿಗೆ ಇದು ಭಾರವಾಗಲಾರದು. ಬುಟ್ಟಿ ಹೊತ್ತು ರೊಟ್ಟಿ ಮಾರುವವರಿಗೂ ಹೂ ಮಾರುವವರಿಗೂ ಅದೇ ಶೌಚಾಲಯದ ಬಾಗಿಲು ದುಡ್ಡು ಕೇಳದೆ ತೆರೆಯಬೇಕೆಂಬುದನ್ನೂ ಸೇರಿಸಬಯಸುತ್ತೇನೆ.

ಮನೆಯವರ ಪಾಲಿನದನ್ನು ಮನೆಯವರಿಗೇ ಹೇಳಬೇಕಾಯಿತು. ಬಾದಾಮಿಯಿಂದ ಬಂದ ರಾತ್ರಿ ಊಟದ ಹೊತ್ತಿಗೆ, ಹಿಂದಿನ ಮೂರೂ ಸಲ ನಾನು ಮೆಟ್ಟಿಲು ಹತ್ತಿರಲಿಲ್ಲವೆಂದು ಯಜಮಾನರಿಗೆ ತಿಳಿಸಿದೆ. ಅವರು ತುತ್ತು ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದು, "ಹೇಳಬೇಕಿಲ್ಲೇನು ನೀ" ಎಂದರು. ಮಗಳು ಮರುದಿನ ಧಾರವಾಡದಿಂದ ಫೋನ್ ಮಾಡಿ ಅತ್ತಳು. ಈ ದಸರೆಗೆ ಹಂಪಿಗೆ ಹೋಗುವುದೆಂದು ನಿಶ್ಚಯವಾಗಿದೆ. ಬುತ್ತಿ ಬೇಡ, ಊಟ ಅಲ್ಲಿಯೇ ಹೋಟೆಲಿನಲ್ಲಿ ಎಂದು ಮಗ ಹೇಳಿದ್ದಾನೆ. ಮಾತಂಗ ಪರ್ವತದ ಕೆಳಗೆ ಚೀಲಗಳನ್ನು ಸರದಿಯಂತೆ ಕಾಯುವುದೆಂದು ಎಲ್ಲರೂ ಒಪ್ಪಿದ್ದು, ಮೊದಲ ಸರದಿಯನ್ನು ಯಜಮಾನರು ತಾವಾಗಿಯೇ ತೆಗೆದುಕೊಂಡಿದ್ದಾರೆ.

ತಮ್ಮ ವಿಶ್ವಾಸಿ,
ಗೃಹಿಣಿಯೊಬ್ಬರು, ಗದಗ