ಗಂಗೂ, ಮೊದಲು ಪಿನ್ ನೋಡು

ಪ್ರೀತಿಯ ಗಂಗೂ,

ಗೋವಾದಲ್ಲಿ ಹಾಯಿದೋಣಿ ಕೆಲಸಕ್ಕೆ ಸೇರಿದ್ದೀಯ ಅಂತ ನಿಮ್ಮವ್ವ ಫೋನ್ ಮಾಡಿದ್ದಳು. ಮಾಸ್ಟ್, ಅಂದರೆ ಹಾಯಿ ಕಟ್ಟುವ ಕಂಬ, ಅದನ್ನು ಹಿಡಿದು ನಿಲ್ಲಿಸುವ ತಂತಿಗಳನ್ನು ಈ ವಾರ ನೀನೇ ನೋಡಬೇಕಂತೆ. ನೌಕಾಪಡೆಯಲ್ಲಿದ್ದಾಗ ನಾನು ವರ್ಷಗಟ್ಟಲೆ ಮಾಡಿದ ಕೆಲಸ ಅದು, ಕೇಳಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ.

ಬಿಗಿ ಮಾಡುವ ಮೊದಲು ತಪಾಸಣೆ. ಒಂದು ಹಿಡಿ ಹತ್ತಿ ತಗೊಂಡು ಪ್ರತಿ ಶ್ರೌಡನ್ನೂ (ಮಾಸ್ಟನ್ನು ಎರಡೂ ಮಗ್ಗುಲಿಂದ ಹಿಡಿಯುವ ತಂತಿ) ಒರೆಸುತ್ತಾ ಹೋಗು. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಮುರಿದಿದೆ. ಬರಿಗೈ ಹಚ್ಚಬೇಡ, ಸೂಜಿಗಿಂತ ಕೆಟ್ಟದಾಗಿ ಚುಚ್ಚುತ್ತದೆ. ತಂತಿಯ 19 ಎಳೆಯಲ್ಲಿ ಒಂದೇ ಹೋಗಿದ್ದು ಅಲ್ವಾ ಅಂತ ಬಿಡಬೇಡ, ಆ ತಂತಿ ಬದಲಿಸಲೇಬೇಕು. ಜಾಸ್ತಿ ಹಾಳಾಗೋದು ತಂತಿಯ ಕೆಳಗಿನ ತುದಿ. ಅಲ್ಲಿ ತಂತಿಯನ್ನು ಲೋಹದ ಕೊಳವೆಯೊಳಗೆ ಒತ್ತಿ ಕೂರಿಸಿರುತ್ತಾರೆ, ಉಪ್ಪುನೀರು ತಂತಿಗುಂಟ ಇಳಿದು ಅದರ ಬಾಯಲ್ಲೇ ನಿಲ್ಲುತ್ತದೆ, ಗಾಳಿಯಾಡದ ಅಂಥ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲನ್ನೂ ತುಕ್ಕು ಬಿಡುವುದಿಲ್ಲ. ಕಂದು ಕಲೆ ಕಂಡರೆ ಒರೆಸಿ, ಭೂತಗನ್ನಡಿ ಹಿಡಿದು ನೋಡು. ಕೂದಲೆಳೆಯಷ್ಟು ಬಿರುಕಿದ್ದರೂ ಆ ದೋಣಿ ಹೊರಗೆ ಹೋಗಕೂಡದು.

ಒಮ್ಮೆ ನಮ್ಮ ದೋಣಿಗೆ ತಂತಿ ಎಲ್ಲಾ ಹೊಸದು. ಆದರೆ ಒಂದು ಟರ್ನ್‌ಬಕಲ್‌ಗೆ (ತಂತಿ ಬಿಗಿ ಮಾಡುವ ತಿರುಪು) ಅದು ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ ಹಾಕಿರಲಿಲ್ಲ, ನಾನೂ ನೋಡಿರಲಿಲ್ಲ. ಅಲೆಯ ಮೇಲೆ ಕುಲುಕಿ ಕುಲುಕಿ ಅದು ತಾನೇ ಬಿಚ್ಚಿಕೊಳ್ಳುತ್ತಾ ಬಂದು, ಇನ್ನು ಮೂರೇ ಸುತ್ತು ಉಳಿದಿದ್ದಾಗ ಕಣ್ಣಿಗೆ ಬಿತ್ತು. ತಕ್ಷಣ ದೋಣಿ ತಿರುಗಿಸಿ ಆ ಮಗ್ಗುಲಿನ ಭಾರ ಇಳಿಸಿದೆವು. ಬಿರುಗಾಳಿಗೆ ಮಾಸ್ಟ್ ಮುರಿದರೆ ಬೇರೆ ಮಾತು, 2018ರಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರಿಗೆ ಹಿಂದೂ ಮಹಾಸಾಗರದಲ್ಲಿ ಆಗಿದ್ದು ಹಾಗೆ. ಒಂದು ಪಿನ್ನಿಗೋಸ್ಕರ ಮುರಿಯಬಾರದು ತಾಯಿ.

ಇನ್ನು ಬಿಗಿ ಮಾಡೋದು. ಗಾಳಿ ಇಲ್ಲದ ಹೊತ್ತಿನಲ್ಲಿ ಶುರು ಮಾಡು. ದೊಡ್ಡ ಹಾಯಿ ಏರಿಸುವ ಹಗ್ಗಕ್ಕೆ ಅಳತೆ ಟೇಪ್ ಕಟ್ಟಿ ಮೇಲೆತ್ತಿ, ಎರಡೂ ಮಗ್ಗುಲಿನ ಚೈನ್‌ಪ್ಲೇಟಿಗೆ (ಶ್ರೌಡನ್ನು ದೋಣಿಗೆ ಕಟ್ಟುವ ಲೋಹದ ಪಟ್ಟಿ) ಅಳೆ. ಸಮ ಬಂದರೆ ಮಾಸ್ಟ್ ನಡುವೆ ನಿಂತಿದೆ. ಮೇಲಿನ ಶ್ರೌಡ್ ಮೊದಲು, ಕೆಳಗಿನವು ಆಮೇಲೆ, ಎಡ ಮಗ್ಗುಲಿಗೆ ಎಷ್ಟು ಸುತ್ತೋ ಬಲ ಮಗ್ಗುಲಿಗೂ ಅಷ್ಟೇ. ನಿಮ್ಮಜ್ಜ ಮಗ್ಗಕ್ಕೆ ಹಾಸು ಬಿಗಿದ ಮೇಲೆ ಅದರ ಮೇಲೆ ಅಂಗೈ ಹರಿಸುತ್ತಿದ್ದರು, ನೆನಪಿದೆಯಾ? ಸಡಿಲಾದ ಎಳೆ ಅವರ ಕೈಗೇ ಗೊತ್ತಾಗುತ್ತಿತ್ತು. ಇಲ್ಲಿ ಕೈ ಸಾಲದು. ಬಿಗಿ ಅಳೆಯುವ ಮೀಟರ್ ಇಲ್ಲದಿದ್ದರೆ, ತಂತಿ ಸಡಿಲ ಇರುವಾಗ 2 ಮೀಟರ್ ಪಟ್ಟಿಯ ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದು ತುದಿ ಬರುವಲ್ಲಿ ಗುರುತು ಹಾಕು. ಬಿಗಿ ಮಾಡಿದಂತೆ ಗುರುತು 1 ಮಿ.ಮೀ. ಸರಿದರೆ, ಆ ತಂತಿ ತುಂಡಾಗುವ ಭಾರದ ಸುಮಾರು ಶೇ. 5ರಷ್ಟು ಬಿಗಿ ಬಂತು ಅಂತ ಲೆಕ್ಕ. ಶ್ರೌಡಿಗೆ ಸಾಮಾನ್ಯವಾಗಿ ಶೇ. 10ರಿಂದ 15 ಸಾಕು, ಆದರೆ ದೋಣಿ ಕಟ್ಟಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿ.

ಆಮೇಲೆ ನೀರಿಗೆ ಇಳಿಸು. ದೋಣಿ 15-20 ಡಿಗ್ರಿ ವಾಲಿದಾಗ ಗಾಳಿಯ ಆಚೆ ಮಗ್ಗುಲಿನ ಶ್ರೌಡ್ ಜೋತು ಬೀಳಬಾರದು. ಬಿದ್ದರೆ ಅದನ್ನೇ ಬಿಗಿ ಮಾಡು, ದೋಣಿ ತಿರುಗಿಸಿ ಇನ್ನೊಂದಕ್ಕೂ ಅಷ್ಟೇ ಸುತ್ತು ಕೊಡು. ಭಾರ ಹೊತ್ತ ಕಡೆ ಮಾತ್ರ ಸ್ಪ್ಯಾನರ್ ಹಚ್ಚಲೇಬೇಡ, ತಿರುಪಿನ ಮರೆಗಳು ಕಚ್ಚಿಕೊಳ್ಳುತ್ತವೆ.

ಎಲ್ಲಾ ಆದ ಮೇಲೆ ಪಿನ್ ಹಾಕಿ, ಕಾಲು ಸ್ವಲ್ಪ ಅಗಲಿಸಿ, ಟೇಪ್ ಸುತ್ತು. ಸುತ್ತುವ ಮೊದಲು ಒಂದೊಂದರ ಫೋಟೋ ತೆಗೆದು ನನಗೆ ಕಳಿಸು, ರಾತ್ರಿ ಎಷ್ಟೊತ್ತಾದರೂ ನೋಡುತ್ತೇನೆ.

ನಿನ್ನ ಮಾಮಾ,
ಗುಳೇದಗುಡ್ಡ